ಗುಳಿಗಿ ಕೋರ್ಸ್ ಮುಗಿದ ಮೇಲೂ ಮಗುವಿನ ಬೆನ್ನು ನೋಡಬೇಕು

ಕೊಯಮತ್ತೂರಿನ ಗಂಗಾ ಆಸ್ಪತ್ರೆಯ ಡಾ. ಎಸ್. ರಾಜಶೇಖರನ್ ಬೆನ್ನುಮೂಳೆ ಸರ್ಜನ್. ಕಷ್ಟದ ಆಪರೇಷನ್‌ಗಳಿಗೆ ಹೆಸರಾದವರು. ಆದರೆ ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಬೇರೆ ಕಾರಣಕ್ಕೆ. ಬೆನ್ನುಮೂಳೆ ಟಿಬಿಯಿಂದ ವಾಸಿಯಾದ 61 ಮಕ್ಕಳ ಬೆನ್ನು ಮುಂದೆ ಏನಾಯಿತು ಎಂದು ಅವರು 15 ವರ್ಷ ಹಿಂಬಾಲಿಸಿ ನೋಡಿದರು.

ಆ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಮಾತ್ರೆಯಿಂದ ರೋಗ ಪೂರ್ತಿ ಹೋದ ಮೇಲೂ 100ಕ್ಕೆ 39ರಷ್ಟು ಪ್ರಕರಣಗಳಲ್ಲಿ ಗೂನು ಹೆಚ್ಚುತ್ತಾ ಹೋಗಿತ್ತು. 44ರಷ್ಟರಲ್ಲಿ ತಾನಾಗಿಯೇ ಕಡಿಮೆಯಾಗಿತ್ತು. ಉಳಿದ 17ರಷ್ಟರಲ್ಲಿ ಇದ್ದ ಹಾಗೇ ಇತ್ತು. ಟಿಬಿ ಸಾಮಾನ್ಯವಾಗಿ ಮೂಳೆಯ ಮುಂಭಾಗವನ್ನು ತಿನ್ನುತ್ತದೆ, ಹಿಂಭಾಗ ಬೆಳೆಯುತ್ತಲೇ ಇರುತ್ತದೆ. ಹಾಗಾಗಿ ಮಗು ಎತ್ತರವಾಗುವಾಗ ಬೆನ್ನು ಬಾಗಬಹುದು. ತೀರಾ ಬಾಗಿದರೆ ವರ್ಷಗಳ ನಂತರ ಕಾಲಿನ ಶಕ್ತಿಯೇ ಹೋಗಬಹುದು. ಆಗ ಆಪರೇಷನ್ ಬಹಳ ಅಪಾಯದ್ದು.

ಯಾವ ಮಗುವಿನ ಬೆನ್ನು ಬಾಗುತ್ತದೆ ಎಂದು ಮೊದಲೇ ಹೇಳುವ 4 ಗುರುತುಗಳನ್ನೂ ಅವರು ಕೊಟ್ಟರು. ಹಿಂದಿನ ಕೀಲು ಬಿಟ್ಟುಕೊಂಡಿರುವುದು, ಮೂಳೆ ಹಿಂದಕ್ಕೆ ಸರಿದಿರುವುದು, ಪಕ್ಕಕ್ಕೆ ಜಾರಿರುವುದು, ಮೇಲಿನ ಮೂಳೆ ಮುಂದಕ್ಕೆ ಮಗುಚಿರುವುದು. ಇದಕ್ಕೆ ಎಂಆರ್‌ಐ ಬೇಡ, ಸಾದಾ ಎಕ್ಸ್‌ರೇ ಸಾಕು. ಯಾರಿಗೆ ಬೇಗ ಆಪರೇಷನ್ ಬೇಕು, ಯಾರಿಗೆ ಬೇಡವೇ ಬೇಡ ಅನ್ನುವುದು ಇದರಿಂದ ಗೊತ್ತಾಗುತ್ತದೆ. ಬಡವರ ಮಕ್ಕಳಿಗೆ ಇದಕ್ಕಿಂತ ದೊಡ್ಡ ಉಪಕಾರ ಯಾವುದಿದೆ?

 

ನಾನು ಶಿರಹಟ್ಟಿ ತಾಲೂಕಿನ ಒಂದು ಸರ್ಕಾರಿ ಶಾಲೆಯ ಶಿಕ್ಷಕಿ. ಬೆನ್ನಿನ ಟಿಬಿ ಆಗಿದ್ದ ಹುಡುಗಿ ನಮ್ಮ ಶಾಲೆಯಲ್ಲಿದ್ದಾಳೆ. ಮತ್ತೆ ತೋರಿಸಿದ್ರಾ ಎಂದು ಅವಳ ತಾಯಿಯನ್ನು ಕೇಳಿದೆ. "ಅಕ್ಕೋರ, ಗುಳಿಗಿ ಕೋರ್ಸ್ ಮುಗದೈತ್ರಿ, ಆರಾಮ ಆಗೈತಿ ಅಂದಾರ" ಅಂದರು. ಆ ತಾಯಿಯದೇನೂ ತಪ್ಪಿಲ್ಲ. ಬೆಳವಣಿಗೆ ನಿಲ್ಲುವ ತನಕ ವರ್ಷ ವರ್ಷ ಕರೆದುಕೊಂಡು ಬಾ ಎಂದು ಅವರಿಗೆ ಯಾರೂ ಹೇಳಿಲ್ಲ. ಸರ್ಕಾರದ ಟಿಬಿ ಕಾರ್ಯಕ್ರಮದಲ್ಲಿ ಚಿಕಿತ್ಸೆ ಮುಗಿದ ಮೇಲೆ 2 ವರ್ಷ ವಿಚಾರಿಸುವ ನಿಯಮವಿದೆ. ಆರು ವರ್ಷದ ಮಗುವಿಗೆ 2 ವರ್ಷ ಎಲ್ಲಿ ಸಾಕಾಗುತ್ತದೆ?

ಗದಗ, ಹಾವೇರಿ, ಹುಬ್ಬಳ್ಳಿ ಮೂರೂ ಕಡೆ ಈಗ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ. ಪಿಜಿ ಓದುವವರು ಮೂರು ವರ್ಷದಲ್ಲಿ ಪ್ರಬಂಧ ಬರೆದು ಹೋಗುತ್ತಾರೆ. ಅಷ್ಟರಲ್ಲಿ ಮಗು ಬೆಳೆದಿರುವುದಿಲ್ಲ. ಬೆನ್ನಿನ ಟಿಬಿ ಆದ ಮಕ್ಕಳದ್ದೇ ಒಂದು ರಿಜಿಸ್ಟರ್ ಇಟ್ಟು, ಒಂದು ಬ್ಯಾಚ್ ಮುಂದಿನ ಬ್ಯಾಚಿಗೆ ಒಪ್ಪಿಸಿದರೆ? ದೊಡ್ಡ ಕಟ್ಟಡ ಬೇಡ, ಹೊಸ ಮಶೀನು ಬೇಡ. ತಾಯಂದಿರಿಗೆ ಸರ್ಕಾರಿ ಬಸ್ಸೂ ಈಗ ಉಚಿತ.

ಜನ ದುಡಿಯಲು ಗೋವಾ, ಮಂಗಳೂರು ಕಡೆ ಹೋಗುತ್ತಾರೆ, ಫೋನ್ ನಂಬರು ಬದಲಾಗುತ್ತದೆ, ಹುಡುಕುವುದು ಹೇಗೆ ಅನ್ನಬಹುದು. ನಿಜ. ಆದರೆ ಮಗು ರಾಜ್ಯದಲ್ಲಿ ಯಾವ ಶಾಲೆ ಸೇರಿದರೂ ಸ್ಯಾಟ್ಸ್ ನಂಬರು (ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೆ ಕೊಡುವ ಗುರುತಿನ ಸಂಖ್ಯೆ) ಜೊತೆಗೇ ಹೋಗುತ್ತದೆ. ಮನೆಯವರು ಒಪ್ಪಿದರೆ ಅದನ್ನು ಆಸ್ಪತ್ರೆಯ ರಿಜಿಸ್ಟರಿನಲ್ಲಿ ಬರೆದಿಡಲಿ. ಆ ಮಕ್ಕಳನ್ನು ಹುಡುಕಿಕೊಡುವ ಕೆಲಸಕ್ಕೆ ನಮ್ಮಂಥ ಶಿಕ್ಷಕರನ್ನು ಕೇಳಲಿ, ನಾವು ಮಾಡುತ್ತೇವೆ.