ಕೆಲಸ ಕಳೆದುಕೊಳ್ಳಲು ಪ್ರಶಸ್ತ ಮುಹೂರ್ತ

ಮದುವೆಗೆ, ಗೃಹಪ್ರವೇಶಕ್ಕೆ, ಕೊಳವೆಬಾವಿ ಕೊರೆಸುವುದಕ್ಕೆ, ಕೊನೆಗೆ ಹೊಸ ಸ್ಕೂಟರಿನ ಚಕ್ರದಡಿ ನಿಂಬೆಹಣ್ಣು ಇಡುವುದಕ್ಕೂ ಪಂಚಾಂಗ ತೆರೆಯುವ ನಾವು, ಕೆಲಸ ಕಳೆದುಕೊಳ್ಳುವಂಥ ಮಹತ್ಕಾರ್ಯವನ್ನು ಮಾತ್ರ ಮುಹೂರ್ತ ನೋಡದೆ ಮಾಡಿಬಿಡುತ್ತೇವೆ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಆರು ವರ್ಷ ಲೇತ್ ನಡೆಸಿದ ನನ್ನ ಪರಿಚಿತರೊಬ್ಬರು ಮಾಡಿದ ತಪ್ಪೂ ಇದೇ. ನವೆಂಬರ್‌ನ ಒಂದು ಶನಿವಾರ ಸಂಜೆ ಸೂಪರ್‌ವೈಸರ್ ಕರೆದು ‘ಆರ್ಡರ್ ಇಲ್ಲ, ಸೋಮವಾರದಿಂದ ಬರಬೇಡಿ’ ಎಂದಾಗ ಅವರು ತಿಥಿ, ನಕ್ಷತ್ರ, ವಿಮೆಗೆಂದು ಸಂಬಳದಲ್ಲಿ ಮುರಿಯುವ ವಂತಿಗೆಯ ಅವಧಿ ಯಾವುದನ್ನೂ ವಿಚಾರಿಸದೆ, ಊಟದ ಡಬ್ಬಿ ಎತ್ತಿಕೊಂಡು ಮನೆಗೆ ಬಂದುಬಿಟ್ಟರು.

ಕೆಲಸ ಹೋದವರ ಕೈಹಿಡಿಯಲು ನಮ್ಮ ದೇಶದಲ್ಲಿ ಏನೂ ಇಲ್ಲ ಎಂದು ದೂರುವವರು ವಿಷಯ ತಿಳಿಯದವರು. ನೌಕರರ ರಾಜ್ಯ ವಿಮಾ ನಿಗಮ, ಅಂದರೆ ಎಲ್ಲರ ಬಾಯಲ್ಲಿರುವ ಇಎಸ್‌ಐ, ಕೆಲಸ ಕಳೆದುಕೊಂಡ ವಿಮಾದಾರನಿಗೆ ಕೆಲಕಾಲ ಕೂಲಿಯ ಒಂದು ಪಾಲನ್ನು ಭತ್ಯೆಯಾಗಿ ಕೊಡುವ ‘ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ’ಯನ್ನು 2018ರ ಜುಲೈ 1ರಿಂದ ನಡೆಸುತ್ತಿದೆ. (ಇದಕ್ಕೂ ಮಹಾಭಾರತದ ಭೀಮನಿಗೂ ಸಂಬಂಧವಿಲ್ಲ. ಬೀಮಿತ್ ಎಂದರೆ ವಿಮೆಗೆ ಒಳಪಟ್ಟವನು. ಪೀಣ್ಯದ ಲೇತ್ ಆಪರೇಟರ್‌ಗೆ ಈ ಹಿಂದಿ ಪದ ತಾನಾಗಿಯೇ ತಿಳಿದಿರುತ್ತದೆ ಎಂಬುದು ದೆಹಲಿಯ ನಂಬಿಕೆ.) ಎರಡು ವರ್ಷದ ಪ್ರಯೋಗವೆಂದು ಆರಂಭವಾದ ಇದು ಅವಧಿ ಮುಗಿಯುತ್ತ ಬಂದಾಗಲೆಲ್ಲ ವಿಸ್ತರಣೆ ಪಡೆಯುತ್ತ ಬಂದಿದೆ. ಕಾರ್ಮಿಕನಿಗೆ ಸಿಗದ ಸೇವಾವಿಸ್ತರಣೆ ಯೋಜನೆಗಾದರೂ ಸಿಕ್ಕಿತಲ್ಲ ಎಂದು ಸಮಾಧಾನಪಟ್ಟುಕೊಳ್ಳಬಹುದು.

ಈ ಯೋಜನೆಯ ನಿಯಮಗಳನ್ನು ಒಂಟಿಕೊಪ್ಪಲ್ ಪಂಚಾಂಗದಷ್ಟೇ ಶ್ರದ್ಧೆಯಿಂದ ಓದಬೇಕು. ಇಲ್ಲಿ ವರ್ಷಕ್ಕೆ ಎರಡೇ ಆಯನ: ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ವಂತಿಗೆ ಅವಧಿ, ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಇನ್ನೊಂದು. ಕೆಲಸ ಹೋಗುವ ಮೊದಲು ಕನಿಷ್ಠ ಎರಡು ವರ್ಷ ವಿಮೆಯ ವ್ಯಾಪ್ತಿಯ ಕೆಲಸದಲ್ಲಿರಬೇಕು. ಮೊದಲಿನ ನಿಯಮದ ಪ್ರಕಾರ ಹಿಂದಿನ ನಾಲ್ಕೂ ಅವಧಿಗಳಲ್ಲಿ ತಲಾ 78 ದಿನಗಳ ವಂತಿಗೆ ಸಂದಾಯವಾಗಿರಬೇಕಿತ್ತು. 2020ರ ಸಡಿಲಿಕೆಯ ನಂತರ ನಾಲ್ಕರಲ್ಲಿ ಕೊನೆಯ ಅವಧಿಯಲ್ಲಿ 78 ದಿನ, ಉಳಿದ ಮೂರರ ಪೈಕಿ ಯಾವುದಾದರೂ ಒಂದರಲ್ಲಿ 78 ದಿನ ಇದ್ದರೆ ಸಾಕು. ಹೀಗಾಗಿ ಸೇರಿದ ಒಂದೂ ಮುಕ್ಕಾಲು ವರ್ಷಕ್ಕೆ ಕೆಲಸ ಕಳೆದುಕೊಂಡವರು ಬರೀ ದುಡುಕಿದವರು. ಇನ್ನು ಮೂರು ತಿಂಗಳು ತಡೆಯಿರಿ, ಆಮೇಲೆ ಕಾರ್ಖಾನೆ ಮುಚ್ಚಿ ಎಂದು ಮಾಲೀಕರನ್ನು ಕೇಳಿಕೊಳ್ಳುವ ವ್ಯವಧಾನ ಅವರಿಗಿರಲಿಲ್ಲ.

ನಮ್ಮ ಲೇತ್‌ನವರಿಗೆ ವರ್ಷಗಳ ಕೊರತೆ ಇರಲಿಲ್ಲ. ಅವರ ಜಾತಕದಲ್ಲಿದ್ದ ದೋಷವೇ ಬೇರೆ, ಅದರ ಹೆಸರು ಸಂಬಳ ಹೆಚ್ಚಳ. ಇಎಸ್‌ಐ ವ್ಯಾಪ್ತಿಗೆ ಸಂಬಳದ ಮಿತಿ ತಿಂಗಳಿಗೆ 21,000 ರೂಪಾಯಿ. 2017ರ ಜನವರಿ 1ರಿಂದ ಅದು ಅಲ್ಲೇ ಕುಳಿತಿದೆ. ಇವರಿಗೆ ಮಾರ್ಚ್‌ವರೆಗೆ 20,800 ರೂಪಾಯಿ ಬರುತ್ತಿತ್ತು, ಅದರಲ್ಲಿ ಮುಕ್ಕಾಲು ಪರ್ಸೆಂಟಿನಂತೆ 156 ರೂಪಾಯಿ ತಿಂಗಳು ತಿಂಗಳೂ ವಂತಿಗೆಯಾಗಿ ಕಟ್ಟಾಗುತ್ತಿತ್ತು. ಏಪ್ರಿಲ್‌ನಲ್ಲಿ ಮಾಲೀಕರು ಪ್ರಸನ್ನರಾಗಿ 500 ರೂಪಾಯಿ ಏರಿಸಿದರು. ಮನೆಯಲ್ಲಿ ಕೇಸರಿಬಾತ್ ಆಯಿತು, ಓಣಿಯಲ್ಲಿ ಹಂಚಿಯೂ ಆಯಿತು. ಆ 500 ರೂಪಾಯಿಯಿಂದಾಗಿ ಅವರು ವಿಮೆಯ ಅಗತ್ಯವೇ ಇಲ್ಲದ ಸ್ಥಿತಿವಂತರ ಸಾಲಿಗೆ ಸೇರಿದರೆಂಬುದು ತಿಳಿದದ್ದು ನವೆಂಬರ್‌ನಲ್ಲಿ, ಹಿಂದಷ್ಟೇ ಮುಗಿದ ವಂತಿಗೆ ಅವಧಿಯಲ್ಲಿ ಅವರ ಲೆಕ್ಕ ಸೊನ್ನೆ ಎಂದು ಗೊತ್ತಾದ ದಿನ. ಕಾರ್ಮಿಕರು ಸಂಬಳ ಹೆಚ್ಚಿಸಿ ಎಂದು ಘೋಷಣೆ ಕೂಗುವುದನ್ನು ಕೇಳಿದ್ದೇನೆ; ದಯವಿಟ್ಟು ಹೆಚ್ಚಿಸಬೇಡಿ ಎಂದು ಬಾಗಿಲ ಮುಂದೆ ಧರಣಿ ಕೂರಲು ಸಕಾರಣ ಸಿಕ್ಕಿದ್ದು ಇದೇ ಮೊದಲು. ಬೆಂಗಳೂರಿನ ಸಾಫ್ಟ್‌ವೇರ್ ಮಂದಿಯ ಬಗ್ಗೆ ಹೇಳಲೇಬೇಕಿಲ್ಲ, ಈ ಪಂಚಾಂಗದಲ್ಲಿ ಅವರಿಗೆ ಮುಹೂರ್ತವೇ ಇಲ್ಲ.

ಹಾಗೆ ನೋಡಿದರೆ ಮುಹೂರ್ತ ಕೂಡಿಬಂದವರ ಭಾಗ್ಯವೂ ಚಿಂತನೀಯವೇ. ಆರಂಭದಲ್ಲಿ ಸರಾಸರಿ ದಿನಗೂಲಿಯ ಶೇ 25ರಷ್ಟನ್ನು ಗರಿಷ್ಠ 90 ದಿನಗಳಿಗೆ ಕೊಡುತ್ತಿದ್ದರು, ಅದನ್ನು ಕೇಳುವ ಮೊದಲು 90 ದಿನ ನಿರುದ್ಯೋಗಿಯಾಗಿ ಕಾದಿರಬೇಕಿತ್ತು. ತಿಂಗಳಿಗೆ 18,000 ದುಡಿಯುತ್ತಿದ್ದವನಿಗೆ ದಿನಕ್ಕೆ 150 ರೂಪಾಯಿ, ಅದೂ ಮೂರು ತಿಂಗಳು ಏನನ್ನೂ ತಿನ್ನದೆ ಬದುಕಿ ತೋರಿಸಿದ ಮೇಲೆ. ಕೊರೊನಾ ಬಂದಾಗ ಸರ್ಕಾರದ ಮನ ಕರಗಿ ಶೇ 25 ಶೇ 50 ಆಯಿತು, ಕಾಯುವ ಅವಧಿ 30 ದಿನಕ್ಕೆ ಇಳಿಯಿತು. ಈಗ ಅದೇ ಮನುಷ್ಯನಿಗೆ ದಿನಕ್ಕೆ 300ರಂತೆ ಹೆಚ್ಚೆಂದರೆ 27,000 ರೂಪಾಯಿ ಸಿಗುತ್ತದೆ. ಒಮ್ಮೆ ಮಾತ್ರ. ಶ್ರವಣಬೆಳಗೊಳದ ಗೊಮ್ಮಟನಿಗೂ ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕದ ಯೋಗ ಉಂಟು. ವಿಮಾದಾರ ಕಾರ್ಮಿಕನಿಗೆ ಈ ಅಭಿಷೇಕ ಜೀವಮಾನದಲ್ಲಿ ಒಂದೇ ಬಾರಿ. ಎರಡನೆಯ ಕಾರ್ಖಾನೆಯೂ ಮುಚ್ಚಿದರೆ ಅದು ಅವನ ಕಾಲ್ಗುಣವೆಂದು ನಿಯಮ ಮಾಡಿದವರು ತಿಳಿದಿರಬೇಕು.

ಇನ್ನು ಕೆಲಸ ಹೋದ ಬಗೆಯೂ ಶಾಸ್ತ್ರೋಕ್ತವಾಗಿರಬೇಕು. ದುರ್ನಡತೆಗೆ ಶಿಕ್ಷೆಯಾಗಿ ಹೋಗಿರಬಾರದು, ವಯಸ್ಸಾಗಿ ಹೋಗಿರಬಾರದು, ಸ್ವಯಂ ನಿವೃತ್ತಿಯಾಗಿರಬಾರದು. ಆದರೆ ನಮ್ಮಲ್ಲಿ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ ಎಂಬುದನ್ನು ಈ ನಿಯಮ ಬರೆದವರು ಗಮನಿಸಿದಂತಿಲ್ಲ. ಇಲ್ಲಿ ಎಲ್ಲರೂ ‘ವೈಯಕ್ತಿಕ ಕಾರಣಗಳಿಂದ’ ರಾಜೀನಾಮೆ ಕೊಡುತ್ತಾರೆ. ಪತ್ರವನ್ನು ಎಚ್‌ಆರ್‌ನವರೇ ಟೈಪ್ ಮಾಡಿ ಇಟ್ಟಿರುತ್ತಾರೆ, ಪೆನ್ನನ್ನೂ ಅವರೇ ಕೊಡುತ್ತಾರೆ, ಬಾಕಿ ಸಂಬಳದ ಚೆಕ್ ಆ ಪತ್ರದ ಕೆಳಗಿರುತ್ತದೆ. ಒಂದೇ ಮಧ್ಯಾಹ್ನ ಒಂದೇ ವಿಭಾಗದ ನಲವತ್ತು ಜನರಿಗೆ ಒಂದೇ ಬಗೆಯ ವೈಯಕ್ತಿಕ ಕಾರಣ ಉದ್ಭವಿಸುವುದನ್ನು ಯಾವ ಗ್ರಹಚಾರದಿಂದ ವಿವರಿಸಬೇಕೋ ನಾನರಿಯೆ. ಮೊದಮೊದಲು ಇದಕ್ಕೆ ಇನ್ನೂ ಸೊಗಸಾದ ಏರ್ಪಾಡಿತ್ತು: ಕೆಲಸದಿಂದ ತೆಗೆದ ಮಾಲೀಕನ ಮೂಲಕವೇ ಅರ್ಜಿ ಹೋಗಬೇಕಿತ್ತು, ಜೊತೆಗೆ ತಾನು ನಿರುದ್ಯೋಗಿಯೆಂದು ನೋಟರಿಯ ಮುಂದೆ 20 ರೂಪಾಯಿ ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಬೇಕಿತ್ತು. ಇವೆರಡನ್ನೂ 2020ರಲ್ಲಿ ಕೈಬಿಟ್ಟರು. ಇದು ನಿಜಕ್ಕೂ ಒಳ್ಳೆಯ ಕೆಲಸ, ಇಲ್ಲಿ ನಾನು ವ್ಯಂಗ್ಯ ಮಾಡುತ್ತಿಲ್ಲ.

ರಾಜ್ಯ ಸರ್ಕಾರದ ಯುವನಿಧಿಯತ್ತಲೂ ನಮ್ಮವರು ಒಮ್ಮೆ ಆಸೆಯಿಂದ ನೋಡಿದರು. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಆ ಯೋಜನೆ, ಪದವಿ ಮುಗಿಸಿ 180 ದಿನ ಕಳೆದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿಯನ್ನು ಗರಿಷ್ಠ ಎರಡು ವರ್ಷ ಕೊಡುವಂಥದ್ದು. ಅದು ಕೆಲಸವನ್ನೇ ಕಾಣದವರಿಗೆ. ಕೆಲಸ ಕಂಡು ಕೆಟ್ಟವರಿಗಲ್ಲ.

ಉಳಿದದ್ದು ಪಿಎಫ್. ಅದು ಭತ್ಯೆಯಲ್ಲ, ಅವರದೇ ಹಣ. ಆದ್ದರಿಂದಲೇ ಪಡೆಯುವುದು ಹೆಚ್ಚು ಕಷ್ಟ. ಇಲ್ಲಿ ಮುಹೂರ್ತಕ್ಕಿಂತ ಜಾತಕದ ಹೊಂದಾಣಿಕೆ ಮುಖ್ಯ. ಆಧಾರ್, ಬ್ಯಾಂಕ್ ಖಾತೆ, ಯುಎಎನ್ ಎಂಬ ಪಿಎಫ್ ಸದಸ್ಯತ್ವದ ಸಂಖ್ಯೆ, ಈ ಮೂರರಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ ಕೂಡಬೇಕು. ಕನ್ನಡದ ಹೆಸರುಗಳು ಇಂಗ್ಲಿಷಿಗೆ ಹೋಗುವಾಗ ಕೊನೆಯ ‘ಅ’ಕಾರವನ್ನು ಕೆಲವೊಮ್ಮೆ ಜೊತೆಗೆ ಒಯ್ಯುತ್ತವೆ, ಕೆಲವೊಮ್ಮೆ ಮನೆಯಲ್ಲೇ ಬಿಟ್ಟುಹೋಗುತ್ತವೆ. ಮಂಜುನಾಥ ಎಂಬುವವನು ಆಧಾರ್‌ನಲ್ಲಿ ‘ಎ’ ಇಟ್ಟುಕೊಂಡಿರುತ್ತಾನೆ, ಪಿಎಫ್‌ನಲ್ಲಿ ಕಳೆದುಕೊಂಡಿರುತ್ತಾನೆ, ಬ್ಯಾಂಕಿನಲ್ಲಿ ಇನಿಷಿಯಲ್ ಬಿಡಿಸಿ ಊರನ್ನೂ ಅಪ್ಪನನ್ನೂ ಸೇರಿಸಿಕೊಂಡು ಮೂರು ಹೆಸರಿನವನಾಗಿರುತ್ತಾನೆ. ‘ನಿಮ್ಮ ಹೆಸರಿನ ಕೊನೆಗೆ ಎ ಇದೆಯೋ ಇಲ್ಲವೋ, ಅದನ್ನ ಮೊದಲು ತೀರ್ಮಾನ ಮಾಡ್ಕೊಂಡು ಬನ್ನಿ ಯಜಮಾನ್ರೇ’ ಎಂದು ನಮ್ಮವರಿಗೆ ಒಂದು ಕಿಟಕಿಯ ಒಳಗಿನಿಂದ ಉತ್ತರ ಬಂತು. ನಲವತ್ತೆರಡು ವರ್ಷ ಆ ಹೆಸರಿಗೆ ಓಗೊಟ್ಟವರು ಅದಕ್ಕೆ ಏನು ಹೇಳಿಯಾರು? ತಿದ್ದುಪಡಿಗೆ ಜಂಟಿ ಘೋಷಣೆ ಬೇಕು ಎಂದರು. ಜಂಟಿ ಎಂದರೆ ಒಬ್ಬ ಇವರು, ಇನ್ನೊಬ್ಬರು ಇವರನ್ನು ಮನೆಗೆ ಕಳಿಸಿದ ಕಂಪನಿಯವರು. ಓಟಿಪಿ ಹೋಗುತ್ತಿದ್ದದ್ದು ಕಂಪನಿ ಕೊಟ್ಟಿದ್ದ ಸಿಮ್‌ಗೆ, ಅದನ್ನು ಅವರು ಆ ಶನಿವಾರವೇ ಗುರುತಿನ ಚೀಟಿಯ ಜೊತೆ ಪ್ರಾಮಾಣಿಕವಾಗಿ ಒಪ್ಪಿಸಿ ಬಂದಿದ್ದರು. ಕೆಲಸ ಬಿಟ್ಟ ದಿನಾಂಕವನ್ನು ಕಂಪನಿ ನಮೂದಿಸದಿದ್ದರೆ ನೌಕರನೇ ನಮೂದಿಸಬಹುದಾದರೂ, ಅದಕ್ಕೆ ಕೊನೆಯ ವಂತಿಗೆಯಿಂದ ಎರಡು ತಿಂಗಳು ಕಳೆಯಬೇಕು.

ಪಿಎಫ್ ಹಣದ ಮೇಲೆ ಸರ್ಕಾರಕ್ಕಿರುವ ಮಮತೆ ಇಂದಿನದಲ್ಲ. 2016ರ ಫೆಬ್ರುವರಿಯಲ್ಲಿ, ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ಮುಟ್ಟಬಾರದೆಂದು ಕೇಂದ್ರ ಅಧಿಸೂಚನೆ ಹೊರಡಿಸಿದಾಗ, ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ಹೊಸೂರು ರಸ್ತೆಗೂ ತುಮಕೂರು ರಸ್ತೆಗೂ ಇಳಿದರು. 19ರಂದೇ ದೆಹಲಿ ಅಧಿಸೂಚನೆಯನ್ನು ಹಿಂತೆಗೆದುಕೊಂಡಿತು. ಒಂದು ಕಡತ ಒಂದೂವರೆ ದಿನದಲ್ಲಿ ವಿಲೇವಾರಿಯಾದದ್ದಕ್ಕೆ ನನಗೆ ಗೊತ್ತಿರುವ ಉದಾಹರಣೆ ಅದೊಂದೇ. 2025ರ ಅಕ್ಟೋಬರ್‌ನಲ್ಲಿ ಪಿಎಫ್‌ನ ಕೇಂದ್ರ ಟ್ರಸ್ಟಿಗಳ ಮಂಡಳಿ ಹೆಚ್ಚು ನಯವಾದ ತೀರ್ಮಾನಕ್ಕೆ ಬಂತು: ಕೆಲಸ ಹೋದವನು ಶೇ 75ರಷ್ಟನ್ನು ಕೂಡಲೇ ಪಡೆಯಬಹುದು, ಉಳಿದ ಶೇ 25ಕ್ಕೆ ಮೊದಲಿದ್ದ ಎರಡು ತಿಂಗಳ ಬದಲು ಹನ್ನೆರಡು ತಿಂಗಳು ನಿರುದ್ಯೋಗಿಯಾಗಿರಬೇಕು. ಪಿಂಚಣಿ ನಿಧಿಯ ಹಣ ಹಿಂಪಡೆಯಲು ಮೂವತ್ತಾರು ತಿಂಗಳು. ಇದೆಲ್ಲ ಕಾರ್ಮಿಕನ ಮುಪ್ಪಿನ ಭದ್ರತೆಗಾಗಿ. ಮುಪ್ಪಿನವರೆಗೆ ಅವನನ್ನು ತಲುಪಿಸುವ ಹೊಣೆ ಬಹುಶಃ ಬೇರೆ ಇಲಾಖೆಯದು.

ನಮ್ಮವರು ಅಷ್ಟು ಕಾಯಲಿಲ್ಲ. ಅಕ್ಷರದ ತೀರ್ಮಾನ ಆಗುವ ಮೊದಲೇ ನೆಲಮಂಗಲದ ಕಡೆಯ ಇನ್ನೊಂದು ಘಟಕದಲ್ಲಿ 19,000 ರೂಪಾಯಿಗೆ ಲೇತ್ ಹಿಡಿದರು. ಮುಂದಿನ ವರ್ಷ ನೋಡಿ ಏರಿಸೋಣ ಎಂದ ಹೊಸ ಮಾಲೀಕರಿಗೆ, 21,000 ದಾಟದಂತೆ ನೋಡಿಕೊಳ್ಳಿ ಸಾರ್ ಎಂದು ಕೈಮುಗಿದು ಬಂದಿದ್ದಾರಂತೆ. ಅವರ ಅಡುಗೆಮನೆಯ ಗೋಡೆಯ ಕ್ಯಾಲೆಂಡರ್‌ನಲ್ಲಿ, ಏಕಾದಶಿ, ಸಂಕಷ್ಟಿ, ರಾಹುಕಾಲಗಳ ಪಕ್ಕದಲ್ಲಿ ಈಗ ದಿನಕ್ಕೊಂದರಂತೆ ಪೆನ್ಸಿಲ್‌ನಲ್ಲಿ ಬರೆದ ಅಂಕಿಗಳಿವೆ. ಮೊನ್ನೆ ಕಾಫಿಗೆ ಹೋದಾಗ ಅದು 41ಕ್ಕೆ ಬಂದಿತ್ತು. 78ರ ಮನೆಗೆ ಅವರ ಹೆಂಡತಿ ಮುಂಚಿತವಾಗಿಯೇ ಕುಂಕುಮ ಹಚ್ಚಿದ್ದರು.