ವಿಶ್ಲೇಷಕರು ಸರಿ, ಯಾರ ಕಡೆಯವರು?

ಹಾಸನದ ನಮ್ಮ ಸೋದರಮಾವ ಟಿವಿ ಚರ್ಚೆ ಹಾಕಿದರೆ ಮೊದಲು ಕೇಳುವುದು ಒಂದೇ: "ಇವನು ಯಾರ ಕಡೆಯವನು?" ಉತ್ತರ ಪರದೆ ಮೇಲೆ ಇರಲ್ಲ. ಹೆಸರಿನ ಕೆಳಗೆ 'ರಾಜಕೀಯ ವಿಶ್ಲೇಷಕರು' ಅಂತ ಹಾಕಿ ಮುಗಿಸಿರುತ್ತಾರೆ.

2024ರ ಜೂನ್ 4ರಂದು ಲೋಕಸಭೆ ಎಣಿಕೆ ನಡೆದಾಗ ನಾನು ಊರಲ್ಲೇ ಇದ್ದೆ. 1999ರ ನಂತರ ಹಾಸನದಲ್ಲಿ ಕಾಂಗ್ರೆಸ್ ಮತ್ತೆ ಗೆದ್ದ ದಿನ. ಪರದೆ ತುಂಬ ಚೌಕ, ಚೌಕಕ್ಕೊಬ್ಬರು ವಿಶ್ಲೇಷಕರು. ಒಬ್ಬರು ಹೊಳೆನರಸೀಪುರದ ಲೆಕ್ಕ ಬಿಡಿಸಿ ಹೇಳಲು ಹೊರಟರು. ಆಂಕರ್ ಬಾಯಿ ಹಾಕಿದರು, ಉಳಿದವರೂ ಶುರು ಮಾಡಿದರು. "ಅಯ್ಯೋ, ಅವನೊಬ್ಬ ಬೂತ್ ಲೆಕ್ಕ ಹೇಳ್ತಿದ್ದ, ಬಿಡ್ರಯ್ಯಾ!" ಅಂತ ಮಾವ ಟಿವಿಗೇ ಗದರಿದರು.

ಒಂದು ತಿಂಗಳಿಗೆ ಸರಿಯಾಗಿ, ಜುಲೈ 4ರಂದು, ನಾನಿರುವ ಇಂಗ್ಲೆಂಡಿನಲ್ಲಿ ಚುನಾವಣೆ. ರಾತ್ರಿ 10ಕ್ಕೆ ಮತದಾನ ಮುಗಿಯಿತು. ಆಗಲೇ ಬಿಬಿಸಿ, ಐಟಿವಿ, ಸ್ಕೈ ಸೇರಿ ಮಾಡಿಸಿದ ಎಕ್ಸಿಟ್ ಪೋಲ್ ಬಂತು: ಲೇಬರ್ ಪಕ್ಷಕ್ಕೆ 410 ಸೀಟು. ಫಲಿತಾಂಶವೂ ಹೆಚ್ಚುಕಮ್ಮಿ ಅಷ್ಟೇ. ಲೆಕ್ಕ ವಿವರಿಸಿದ ಜಾನ್ ಕರ್ಟಿಸ್ ಸ್ಟ್ರಾತ್‌ಕ್ಲೈಡ್ ವಿಶ್ವವಿದ್ಯಾಲಯದ ಪ್ರೊಫೆಸರ್. ಮಾಜಿ ಮಂತ್ರಿ ಬಂದು ಕೂತರೆ ಮಾಜಿ ಮಂತ್ರಿ ಅಂತಲೇ ಹೇಳುತ್ತಾರೆ.

ಇಂಥವರನ್ನೆಲ್ಲ ಜನ ಕರೆಯುವುದು ಪಂಡಿಟ್ ಅಂತ. ನಮ್ಮ 'ಪಂಡಿತ' ಅನ್ನುವ ಪದವೇ ಹಡಗು ಹತ್ತಿ ಬಂದಿದ್ದು. (ನಮ್ಮೂರ ಹಿರಿಯರಿಗೆ ಪಂಡಿತರು ಅಂದರೆ ನಾಡಿ ನೋಡಿ ಕಷಾಯ ಕೊಡುವವರು.) ಇಲ್ಲಿ ಅದು ಬಿರುದಲ್ಲ, ಸ್ವಲ್ಪ ಕೊಂಕೂ ಇದೆ. ಫುಟ್‌ಬಾಲ್‌ನಲ್ಲಿ ಆಟದ ಜೊತೆಜೊತೆಗೇ ವಿವರಿಸುವವನು ಕಾಮೆಂಟೇಟರ್. ಸ್ಟುಡಿಯೋದಲ್ಲಿ ಕೂತು ತಪ್ಪು ಹುಡುಕುವ ಮಾಜಿ ಆಟಗಾರ ಪಂಡಿಟ್. ಅವನು ಯಾವ ಕ್ಲಬ್‌ಗೆ ಆಡಿದ್ದ ಅಂತ ಮಕ್ಕಳಿಗೂ ಗೊತ್ತು. ತನ್ನ ಕ್ಲಬ್ ಪರ ವಾಲಿದರೆ ಅಲ್ಲೇ ಸಿಕ್ಕಿಬೀಳುತ್ತಾನೆ.

ಹಾಗಂತ ಇಲ್ಲಿನದೆಲ್ಲ ಸಾಚಾ ಅಲ್ಲ. ಅತಿಥಿಗೆ ಯಾರ ನಂಟು, ಯಾರ ದುಡ್ಡು, ಯಾವ ನಿಲುವು ಅಂತ ಸಂದರ್ಭಕ್ಕೆ ತಕ್ಕಂತೆ ತಿಳಿಸಬೇಕು ಅನ್ನುವ ನಿಯಮ ಬಿಬಿಸಿಗೆ ಇದೆ. ಆದರೂ ಯಾರದೋ ದುಡ್ಡಲ್ಲಿ ನಡೆಯುವ ಸಂಸ್ಥೆಗಳವರು ಸುಮ್ನೆ 'ತಜ್ಞರು' ಅಂತ ಬಂದು ಕೂರುತ್ತಾರೆ, ಜನ ಬೈಯುತ್ತಾರೆ.

ನಮ್ಮಲ್ಲಿ ಪಕ್ಷದ ವಕ್ತಾರರ ಬಗ್ಗೆ ನನಗೆ ತಕರಾರಿಲ್ಲ. ಅವರ ಕಡೆ ಯಾವುದು ಅಂತ ಗೊತ್ತಲ್ವಾ. ತೊಂದರೆ ಇರುವುದು ಟಿಕೆಟ್‌ಗೆ ಓಡಾಡುವವರೂ 'ವಿಶ್ಲೇಷಕರು' ಆಗಿಬಿಟ್ಟಾಗ. ಕನ್ನಡದಲ್ಲಿ ಕ್ರಿಕೆಟ್ ವೀಕ್ಷಕ ವಿವರಣೆ ಕೊಡುವ ವಿಜಯ್ ಭಾರದ್ವಾಜ್ ಭಾರತಕ್ಕೆ ಆಡಿದವರು ಅಂತ ಮಾವನಿಗೆ ಗೊತ್ತು. ಅವರ ಮಾತು ತಪ್ಪು ಅನಿಸಿದರೆ ಮಾವ ಬೈಯುವುದು ಆ ಮಾತನ್ನು. ಯಾರ ಕಡೆಯವರು ಅಂತ ಕೇಳಲ್ಲ.