ಸತ್ಯಾಂಶ: ++ಐ ಬರೆದರೆ ಲೂಪ್ ವೇಗವಾಗುತ್ತಾ?

‘ಲೂಪ್‌ನಲ್ಲಿ ಐ++ ಬದಲು ++ಐ ಬರೆಯಿರಿ, ಪ್ರೋಗ್ರಾಂ ಜಾಸ್ತಿ ವೇಗವಾಗಿ ಓಡುತ್ತದೆ’ ಎಂಬ ಸಂದೇಶ ಮತ್ತೆ ಮತ್ತೆ ಫಾರ್ವರ್ಡ್ ಆಗುತ್ತಿದೆ. ಸಿ ಭಾಷೆಯ ಸಾಮಾನ್ಯ ಪೂರ್ಣಾಂಕಗಳ ಮಟ್ಟಿಗೆ ಇದು ನಿಜವಲ್ಲ. ಲೂಪ್ ಅಂದರೆ ಪ್ರೋಗ್ರಾಂನಲ್ಲಿ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಭಾಗ, ಐ ಅಂದರೆ ಅದರ ಸುತ್ತುಗಳನ್ನು ಎಣಿಸುವ ಸಂಖ್ಯೆ.

ಐ++, ++ಐ ಎರಡೂ ಐ ಬೆಲೆಯನ್ನು ಒಂದು ಹೆಚ್ಚಿಸುತ್ತವೆ. ವ್ಯತ್ಯಾಸ ಇರುವುದು ಸಿಗುವ ಉತ್ತರದಲ್ಲಿ. ಐ 5 ಆಗಿದ್ದಾಗ ಎ = ಐ++ ಎಂದರೆ ಎಗೆ 5 ಸಿಗುತ್ತದೆ. ಎ = ++ಐ ಎಂದರೆ 6. ಐ ಮಾತ್ರ ಎರಡರಲ್ಲೂ ಕೊನೆಗೆ 6. ಲೂಪ್ ಎಣಿಕೆಯಲ್ಲಿ ಆ ಉತ್ತರವನ್ನು ಯಾರೂ ಬಳಸುವುದಿಲ್ಲ, ಅಲ್ವಾ? ಹಾಗಾಗಿ ಪ್ರೋಗ್ರಾಂ ಅನ್ನು ಯಂತ್ರದ ಭಾಷೆಗೆ ಬದಲಿಸುವ ಇಂದಿನ ಕಂಪೈಲರ್‌ಗಳು ಎರಡಕ್ಕೂ ಒಂದೇ ಮಷೀನ್ ಕೋಡ್ ಕೊಡುತ್ತವೆ.

ಸಿ ಪ್ಲಸ್ ಪ್ಲಸ್‌ನ ಇಟರೇಟರ್‌ಗಳ (ಸಾಲಾಗಿಟ್ಟ ಅಂಶಗಳ ಮೇಲೆ ಒಂದೊಂದಾಗಿ ಸಾಗುವ ಗುರುತುಗಳು) ಮಾತು ಬೇರೆ. ಅಲ್ಲಿ ಐ++ ಎಂದು ಬರೆದರೆ ಹಳೆಯ ಬೆಲೆಯ ಒಂದು ಪ್ರತಿ ತಯಾರಾಗುತ್ತದೆ. ಹಾಗಾಗಿ ++ಐ ಎಂದು ಬರೆಯುವುದೇ ಒಳ್ಳೆಯ ರೂಢಿ. ಪೈಥಾನ್‌ನಲ್ಲಂತೂ ++ಐ ಅಂದರೆ ಸುಮ್ನೆ ಎರಡು ಪ್ಲಸ್ ಚಿಹ್ನೆ, ಸಂಖ್ಯೆ ಬದಲಾಗುವುದೇ ಇಲ್ಲ.